ಕುಂಬಿ ದಾಟಿದ ನೀರು

ಹೋದ ತಿಂಗಳು ಮಿರಜದಲ್ಲಿ ನಾವಿರುವ ಮನೆಯ ಕೆಳಗಿನ ಅಂಗಳದಲ್ಲಿ ಯಾರೋ ಪೈಪು ಜೋಡಿಸುತ್ತಿದ್ದರು. ನಾನು ಅಡುಗೆಮನೆಯಲ್ಲಿ ಕುಳಿತು ಮೆಂತ್ಯದ ಪಲ್ಯದ ಎಲೆ ಸೋಸುತ್ತಿದ್ದೆ. ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ಪೈಪಿಗೆ ಹಚ್ಚುವ ಅಂಟು ಇರುತ್ತದಲ್ಲ, ಚಿಕ್ಕ ಡಬ್ಬಿಯಲ್ಲಿ ಬರುವ ಸೊಲ್ಯೂಷನ್ನು, ಅದರ ವಾಸನೆ. ಬಹಳ ಜನಕ್ಕೆ ಅದರಿಂದ ತಲೆ ನೋಯುತ್ತದೆ. ನನಗೆ ಮಾತ್ರ ಅದು ಮೂಗಿಗೆ ಬಡಿದ ಕೂಡಲೇ ಎಡಮಗ್ಗುಲಾಗಿ ಮಲಗಬೇಕು ಅನ್ನಿಸುತ್ತದೆ, ಗೋಡೆಯಾಚೆಗೆ ಏನು ನಡೆದಿದೆ ಎಂದು ಕಿವಿಗೊಡಬೇಕು ಅನ್ನಿಸುತ್ತದೆ… ಅವತ್ತೂ ಹಾಗೇ ಆಯಿತು. ಪಲ್ಯ ಬಿಟ್ಟು ಎದ್ದು ಕಿಟಕಿಗೆ ಹೋಗಿ ನಿಂತೆ. ಕೆಳಗಿದ್ದವನು ಹೊಸ ಹುಡುಗ, ಕಿವಿಯಲ್ಲಿ ಹಾಡು ಹಾಕಿಕೊಂಡಿದ್ದ. ಹಿಂದೊಮ್ಮೆ ನಮ್ಮ ಮನೆಗೆ ಪೈಪು ಹಾಕಿದ ನಳದ ಕಾಕಾ ಈಗ ಎಲ್ಲಿದ್ದಾರೋ ಎಂಬ ಯೋಚನೆ ನನಗೆ ಆಗ ಬಂತು. ಎಷ್ಟೋ ವರ್ಷಗಳ ನಂತರ ಬಂತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಹದಿನಾಲ್ಕು ವರ್ಷದ ಹಿಂದಿನ ಮಾತು. ಜತ್ತ ತಾಲೂಕಿನ ಶೇಗಾಂವದ ಹೊರಗೆ, ಹೊಲದ ನಡುವೆ, ನನ್ನ ಗಂಡನ ಮನೆ. ಹೊಲದಲ್ಲೇ ಇರುವ ಇಂಥ ಮನೆಗಳಿಗೆ ನಮ್ಮ ಕಡೆ ವಸ್ತಿ ಅನ್ನುತ್ತಾರೆ. ಗಂಡನಿಗೆ ಮಿರಜದ ಒಂದು ಔಷಧಿ ಅಂಗಡಿಯಲ್ಲಿ ಕೆಲಸ. ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದರು. ಮಾವ ಇರಲಿಲ್ಲ. ಹೊಲ, ಎಮ್ಮೆ, ಆಳು, ಎಲ್ಲದರ ಯಜಮಾನಿಕೆ ಅತ್ತೆಯದು. ನಾನು ಹತ್ತಿರದ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅದಕ್ಕೇ ಸುತ್ತಲಿನವರಿಗೆಲ್ಲ ನಾನು 'ಬಾಯಾರು'.

ನನಗೆ ಎರಡು ಬಸಿರು ನಿಲ್ಲದೆ ಹೋಗಿದ್ದವು. ಮೂರನೆಯದು ನಾಲ್ಕು ತಿಂಗಳಿಗೆ ಬಂದಾಗ ಮಿರಜದ ಡಾಕ್ಟರಮ್ಮ ಗರ್ಭದ ಬಾಯಿಗೆ ಹೊಲಿಗೆ ಹಾಕಿದರು. ಹಾಕಿ, ಕೈಬೆರಳು ಎಣಿಸುತ್ತ ಹೇಳಿದರು: ಹಾಸಿಗೆ ಬಿಡಬೇಡ, ಭಾರ ಎತ್ತಬೇಡ, ಮೆಟ್ಟಿಲು ಮಾತ್ರ ಹತ್ತಲೂ ಬೇಡ ಇಳಿಯಲೂ ಬೇಡ, ಸಂಡಾಸಕ್ಕೆ ಹತ್ತು ಹೆಜ್ಜೆಗಿಂತ ಹೆಚ್ಚು ನಡೆಯಬೇಡ. ಕೊನೆಯದನ್ನು ಕೇಳಿ ನಾನೂ ನನ್ನ ಗಂಡನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ವಸ್ತಿಯ ಸಂಡಾಸ ಹಿತ್ತಲಿನ ತುದಿಯಲ್ಲಿ, ಬೇವಿನ ಗಿಡದ ಆಚೆ, ಕಲ್ಲಿನ ದಾರಿ. ಹತ್ತಲ್ಲ, ನೂರು ಹೆಜ್ಜೆ ಆದೀತು.

ಮನೆಯೊಳಗೆ ಕೆಳಗಡೆ ಒಂದು ಸಂಡಾಸ ಕಟ್ಟಿಸಿದರಾಯಿತು ಎಂದು ನೀವು ಅನ್ನಬಹುದು. ಅತ್ತೆಯ ಮುಂದೆ ಹಾಗೆ ಅಂದು ನೋಡಬೇಕಿತ್ತು! ಕೆಳಗೆ ದೇವರ ಜಗಲಿ, ಅಡುಗೆಮನೆ, ಜೋಳದ ಚೀಲ. ಇಷ್ಟರ ನಡುವೆ ಸಂಡಾಸ ಎಂಬ ಮಾತೇ ಅವರ ಕಿವಿಗೆ ಬೀಳುವಂತಿರಲಿಲ್ಲ. ಮೂರು ದಿನದ ಜಗ್ಗಾಟದ ನಂತರ ಅವರು ಒಪ್ಪಿದ ಜಾಗ ಒಂದೇ. ಮಹಡಿಯ ಮೇಲೆ ನಮ್ಮ ಕೋಣೆಗೆ ಹತ್ತಿಕೊಂಡು, ಕೆಳಗಿನ ದನದ ಕೊಟ್ಟಿಗೆಯ ನೆತ್ತಿಗೆ ಸರಿಯಾಗಿ. ದೇವರಿಗೆ ಬೇಡವಾದದ್ದು ಎಮ್ಮೆಗೆ ನಡೆದೀತು ಎಂಬುದು ಅವರ ನ್ಯಾಯ. ಎಮ್ಮೆಗಳನ್ನು ಯಾರೂ ಕೇಳಲಿಲ್ಲ. ಗೌಂಡಿಯವರು ಬಂದು ಎಂಟು ದಿನದಲ್ಲಿ ನಾಲ್ಕು ಗೋಡೆ ಎಬ್ಬಿಸಿ, ಮೇಲೆ ತಗಡಿನ ಪತ್ರಾ ಹೊದಿಸಿ, ಕಮೋಡು ಕೂಡಿಸಿ ಹೋದರು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಇಬ್ಬರು ಆಳುಗಳು ಹೊತ್ತು ಮಹಡಿಗೆ ತಂದರು. ಕೆಳಗೆ ನಿಂತಿದ್ದ ಅತ್ತೆ ಪಲ್ಲಕ್ಕಿಗೆ ಮಾಡುವ ಹಾಗೆ ಕೈ ಮುಗಿದು ನಕ್ಕರು. ಇನ್ನು ನೀರೊಂದು ಬಂದರೆ ಸಾಕಾಗಿತ್ತು.

ನೀರಿಗಾಗಿ ಬಂದವರೇ ನಳದ ಕಾಕಾ. ಬೆಳುಂಕಿ ಎಂಬ ಊರಿನವರು. ಕುರಿ ಕಾಯುವ ಮನೆತನ. ಅವರೂ ಹದಿನೆಂಟು ವರ್ಷದ ತನಕ ಕುರಿ ಹಿಂದೆ ತಿರುಗಿ, ಆಮೇಲೆ ಬಾವಿಗಳ ಪೈಪ್‌ಲೈನು ಅಗೆಯುವ ಕೆಲಸಕ್ಕೆ ಸೇರಿ, ಅಲ್ಲಿಂದ ಮನೆಗಳ ನಳಕ್ಕೆ ಬಂದವರು. ಬಿಳಿ ಟೊಪ್ಪಿಗೆ, ಮೊಳಕಾಲ ತನಕ ಮಡಚಿದ ಪಾಯಜಾಮ, ಹಿಂದೆ ಪೈಪು ಕಟ್ಟಿದ ಹಳೆಯ ಮೊಪೆಡ್ಡು. ಬಂದವರು ಚೀಲ ಬಿಚ್ಚಲಿಲ್ಲ. ಮೊದಲು ಮನೆಯ ಹಿಂದಿನ ದಿನ್ನೆ ಹತ್ತಿದರು. ಅಲ್ಲಿ ಮಾವನವರ ಕಾಲದ ಕಲ್ಲಿನ ಟಾಕಿಯಿತ್ತು. ಲೈಟು ಬಂದಾಗ ಬಾವಿಯ ಮೋಟರು ಅದನ್ನು ತುಂಬಿಸುತ್ತದೆ. ಅಲ್ಲಿಂದ ನೀರು ತನ್ನ ಭಾರಕ್ಕೆ ತಾನೇ ಇಳಿದು ಹಿತ್ತಲಿನ ನಳಕ್ಕೆ ಬರುತ್ತದೆ. ಕಾಕಾ ಟಾಕಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನಮ್ಮ ಮಹಡಿಯನ್ನೇ ನೋಡಿದರು. ನಾನು ಕಿಟಕಿಯಿಂದ ಅವರನ್ನು ನೋಡುತ್ತಿದ್ದೆ. ಮಲಗಿದವಳಿಗೆ ಇನ್ನೇನು ಕೆಲಸ?

ದಿನ್ನೆ ಇಳಿದು, ಮಹಡಿ ಹತ್ತಿ ಬಂದು ಅವರು ಹೇಳಿದ್ದು ಇಷ್ಟು. ಟಾಕಿಯ ತಳ ನಮ್ಮ ಮಹಡಿಯ ನೆಲಕ್ಕಿಂತ ಒಂದು ಆಳೆತ್ತರ ಮೇಲಿದೆ, ಅಷ್ಟೇ. ಕಮೋಡಿನ ಹಿಂದಿನ ಫ್ಲಶ್ ಡಬ್ಬಿ ಸೊಂಟದೆತ್ತರ. ನೀರು ಬರುತ್ತದೆ, ಆದರೆ ಅದಕ್ಕೆ ಜೋರಿಲ್ಲ. ದಾರಿ ಸೀದಾ ಇರಬೇಕು, ಸುತ್ತಾಡಿಸಬಾರದು. ಇದನ್ನು ಹೇಳಿ ಹಿಂದಿನ ಗೋಡೆಯ ಮೂಲೆಗೆ ಬೆರಳು ತೋರಿಸಿದರು.

"ಇಲ್ಲೊಂದ ತೂತ ಹೊಡದ, ಮಾಳಿಗಿ ಮ್ಯಾಲ ಹಂಗ ಸೀದಾ ಹಾಸಿಬಿಟ್ರ ಕೆಲಸ ಮುಗೀತ್ರಿ ಅವ್ವಾರ."

"ಆ ಗ್ವಾಡಿ ಬುಡಕ ನಮ್ಮ ದೇವರ ಜಗಲಿ ಐತಿ, ತಮ್ಮಾ," ಅಂದರು ಅತ್ತೆ. "ಸಂಡಾಸಕ್ಕ ಹೋಗೂ ನೀರ ದೇವರ ತಲಿ ಮ್ಯಾಲ ಹಾಯಸ್ತಿ ಏನ?"

ಅದೇ ಟಾಕಿಯ ನೀರಿನಲ್ಲೇ ಅತ್ತೆ ದಿನಾ ಬೆಳಿಗ್ಗೆ ಲಿಂಗಪೂಜೆ ಮಾಡುತ್ತಿದ್ದರು. ಸಂಡಾಸಕ್ಕೆ ಹೋಗುವ ತನಕ ಅದು ಬರೀ ನೀರೇ ಅಲ್ಲವೇ ಎಂದು ನಾನು ಹಾಸಿಗೆಯಿಂದ ಗೊಣಗಿದೆ. ಅತ್ತೆಗೆ ಕೇಳಿಸಲಿಲ್ಲ, ಅಥವಾ ಕೇಳಿಸಿಯೂ ಕೇಳಿಸಲಿಲ್ಲ. ಕಾಕಾ ವಾದಿಸಲಿಲ್ಲ. ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು, "ಹಂಗಾರ ಬ್ಯಾಡ ಬಿಡ್ರಿ, ನಮ್ಮ ಮನ್ಯಾಗೂ ದೇವರ ಅದಾನ," ಅಂದು ಪೈಪಿನ ದಾರಿ ಬದಲಿಸಿದರು. ದೇವರ ಕೋಣೆಯ ಗೋಡೆ ಬಿಟ್ಟು, ಆಚೆ ಮೂಲೆಯಿಂದ ಪೈಪು ಏರಿತು. ಮಾಳಿಗೆಯ ಸುತ್ತ ಎದೆಯೆತ್ತರದ ಕುಂಬಿ ಇತ್ತಲ್ಲ, ಮೋಟುಗೋಡೆ, ಅದಕ್ಕೂ ತೂತು ಬೇಡ, ಮೇಲಿಂದಲೇ ಒಯ್ಯಿ ಎಂದರು ಅತ್ತೆ. ಪೈಪು ಅದನ್ನು ಹತ್ತಿ, ದಾಟಿ, ಮತ್ತೆ ನೆಲಕ್ಕಿಳಿದು, ಅಂಚಿಗುಂಟ ಹರಿದು ನಮ್ಮ ಸಂಡಾಸಕ್ಕೆ ಬಂತು. ದೇವರ ತಲೆ ತಪ್ಪಿತು. ಎಲ್ಲರಿಗೂ ಸಮಾಧಾನ.

ನೀರು ಮಾತ್ರ ಬರಲಿಲ್ಲ.

ನನಗೆ ಆ ದಿನಗಳ ನೆನಪು ಕಣ್ಣಿನದಕ್ಕಿಂತ ಕಿವಿಯದೇ ಹೆಚ್ಚು. ನನ್ನ ಮಂಚಕ್ಕೂ ಸಂಡಾಸಕ್ಕೂ ನಡುವೆ ಒಂದೇ ಇಟ್ಟಿಗೆಯ ಗೋಡೆ. ಆಚೆಯ ಒಂದೊಂದು ಸದ್ದೂ ಈಚೆ ಬರುತ್ತಿತ್ತು. ನಟ್ಟು ಬಿಗಿಯುವ ಪಾನಾ ತಿರುಗುವುದು, ಬ್ಲೇಡು ಪೈಪು ಕೊಯ್ಯುವುದು, ಕಾಕಾ ತಮ್ಮಷ್ಟಕ್ಕೆ ತಾವೇ "ಹಾಂ… ಅಲ್ಲ… ಹಾಂ" ಅನ್ನುವುದು. ಅವರು ಹೊಸ್ತಿಲಾಚೆ ನಿಂತು ಮಾತಾಡುತ್ತಿದ್ದರು, ಒಳಗೆ ಕಾಲಿಡುತ್ತಿರಲಿಲ್ಲ. ನನ್ನ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ. ಇಷ್ಟು ದಿನ ಪ್ರಶ್ನೆ ಕೇಳುವುದೇ ಕೆಲಸವಾಗಿದ್ದವಳಿಗೆ ಒಮ್ಮೆಲೇ ಉತ್ತರ ಹೇಳುವವರೇ ಇಲ್ಲದಂತಾಗಿತ್ತು. ಪಾಪ, ಅವರು ಸಿಕ್ಕರು.

ಮೊದಲು ಅವರು ಅನುಮಾನಿಸಿದ್ದು ಡಬ್ಬಿಯೊಳಗಿನ ಬಾಲ್‌ಕಾಕನ್ನು. ನೀರು ತುಂಬಿದಾಗ ತಾನೇ ಮುಚ್ಚಿಕೊಳ್ಳುವ ನಳ ಅದು, ತೇಲುವ ಚೆಂಡು ಕಟ್ಟಿರುತ್ತದೆ. ಬಿಚ್ಚಿ ತಂದು ಹೊಸ್ತಿಲ ಮೇಲಿಟ್ಟು ತೋರಿಸಿದರು. ನೀರು ಬರುವ ತೂತು ಜೋಳದ ನುಚ್ಚಿನಷ್ಟು. ಇದು ಪೇಟೆಯ ಎತ್ತರದ ಟಾಕಿಗಳಿಗೆ ಮಾಡಿದ್ದು, ಅಲ್ಲಿ ನೀರು ತಳ್ಳಿಕೊಂಡು ಬರುತ್ತದೆ, ನಮ್ಮ ನೀರಿಗೆ ಅಷ್ಟು ಕಸುವಿಲ್ಲ ಎಂದರು. ಸಾಂಗ್ಲಿಗೆ ಹೋಗಿ ದೊಡ್ಡ ತೂತಿನದನ್ನು ಹುಡುಕಿ ತಂದರು. ಎರಡು ದಿನ ಹೋಯಿತು. ಹಾಕಿದರು. ಇಷ್ಟು ನೀರು ಬಂದಂತೆ ಮಾಡಿ ನಿಂತಿತು. ಆಮೇಲೆ ಅನುಮಾನ ಪೈಪಿನ ಮೇಲೆ ಹೋಯಿತು. ಅರ್ಧ ಇಂಚಿನದನ್ನೆಲ್ಲ ಕಿತ್ತು ಒಂದು ಇಂಚಿನದು ಹಾಕಿದರು. ಮೊಣಕೈಯಂಥ ತಿರುವುಗಳಲ್ಲಿ ಎರಡನ್ನು ಕಡಿಮೆ ಮಾಡಿದರು. ಮತ್ತೆ ಎರಡು ದಿನ. ನೀರು ಮತ್ತೆ ಅದೇ ಆಟ. ನಾನು ಮಕ್ಕಳಿಗೆ ವರ್ಷವರ್ಷವೂ ಹೇಳಿಕೊಟ್ಟಿದ್ದೆ, ನೀರು ತನ್ನ ಮಟ್ಟ ತಾನೇ ಕಂಡುಕೊಳ್ಳುತ್ತದೆ ಎಂದು. ಮಟ್ಟ ಎದುರಿಗೇ ಇತ್ತು. ಕಂಡುಕೊಳ್ಳಬೇಕಾದದ್ದು ಯಾಕೆ ಸುಮ್ಮನಿತ್ತು?

ಈ ನಡುವೆ ನೀರು ಹೊತ್ತವರು ಅತ್ತೆ. ಬೆಳಿಗ್ಗೆ ಎರಡು ಬಕೆಟ್ಟು, ಸಂಜೆ ಎರಡು. ಹದಿನೇಳು ಮೆಟ್ಟಿಲು, ಅವರ ಮೊಳಕಾಲು ಮೊದಲೇ ಬಾವು. ಒಂದೊಂದು ಮೆಟ್ಟಿಲಿಗೂ ನಿಂತು "ಶಿವಾ" ಅನ್ನುವುದು ನನಗೆ ಕೇಳಿಸುತ್ತಿತ್ತು. ಸೊಸೆಯ ಸಂಡಾಸಕ್ಕೆ ಅತ್ತೆ ನೀರು ಹೊರುವುದು… ಆ ಸದ್ದು ಕೇಳುತ್ತ ಮಲಗಿರುವುದು ನನ್ನಿಂದಾಗಲಿಲ್ಲ. ಆಳುಗಳಿಗೆ ಹೇಳಿ ಎಂದರೆ, ಗಂಡಾಳುಗಳ ಕೈಯಿಂದ ಇಂಥ ನೀರು ಹೊರಿಸಲಾರೆ ಎಂದು ಅವರು ಒಪ್ಪಲಿಲ್ಲ. ಹಾಗಾಗಿ ನಾನೊಂದು ಮೂರ್ಖ ಕೆಲಸ ಮಾಡಿದೆ. ಅವರು ಹೊಲಕ್ಕೆ ಹೋದ ಹೊತ್ತು ನೋಡಿ, ಬಕೆಟ್ಟಿನ ನೀರು ಉಳಿಸಲು, ಮೆಲ್ಲಗೆ ಗೋಡೆ ಹಿಡಿದು ಮೆಟ್ಟಿಲು ಇಳಿದು ಹಿತ್ತಲಿಗೆ ಹೋಗಿಬಂದೆ. ಒಂದು ದಿನ. ಮರುದಿನವೂ. ಡಾಕ್ಟರಮ್ಮನ ಬೆರಳು ಕಣ್ಣ ಮುಂದೆ ಬಂದರೂ ಹೋದೆ.

ಮೂರನೆಯ ದಿನ ನಡುಮೆಟ್ಟಿಲಲ್ಲಿ ಸಿಕ್ಕಿಬಿದ್ದೆ. ಕಾಕಾ ಹೆಗಲ ಮೇಲೆ ಪೈಪು ಹೊತ್ತು ಕೆಳಗೆ ನಿಂತಿದ್ದರು. ಅವರಿಗೆ ನನ್ನ ವಿಷಯ ಗೊತ್ತಿತ್ತು. ಅತ್ತೆ ಮೊದಲ ದಿನವೇ ಹೇಳಿ, ಅದಕ್ಕೇ ಲಗೂನ ಮುಗಿಸು ಎಂದಿದ್ದರು.

"ಬಾಯಾರ, ಮ್ಯಾಲ ಹೊಳ್ಳ್ರಿ," ಅಂದರು.

"ಅತ್ತಿಗಿ ಹೇಳಬ್ಯಾಡ್ರಿ, ಕಾಕಾ."

"ಹೇಳೂದಿಲ್ರಿ. ನೀವ ಮೊದ್ಲ ಹೊಳ್ಳ್ರಿ."

ಮುಖ ಆಚೆ ತಿರುಗಿಸಿ, ನಾನು ಮೇಲೆ ಹೋಗಿ ಮಂಚದ ಮೇಲೆ ಕೂತ ಸದ್ದು ಕೇಳುವ ತನಕ ಅಲ್ಲೇ ನಿಂತಿದ್ದರು. ಅವತ್ತಿನಿಂದ ಬೆಳಿಗ್ಗೆ ಬಂದ ಕೂಡಲೇ ನಾಲ್ಕು ಬಕೆಟ್ಟು, ಸಂಜೆ ಹೋಗುವಾಗ ನಾಲ್ಕು ಬಕೆಟ್ಟು ಅವರೇ ಹೊತ್ತು ಸಂಡಾಸದಲ್ಲಿಟ್ಟರು. ಅತ್ತೆ ಕೇಳಿದರೆ, "ಪೈಪ ತೊಳ್ಯಾಕ ಬೇಕ್ರಿ," ಅಂದುಬಿಟ್ಟರು. ಪೈಪು ತೊಳೆಯಲು ಅಷ್ಟು ನೀರು ಯಾಕೆಂದು ಅತ್ತೆ ಕೇಳಲಿಲ್ಲ. ಅವರಿಗೂ ಮೊಳಕಾಲು ಬೇಕಾಗಿತ್ತು.

ಎಂಟನೆಯ ದಿನ ಕಾಕಾ ಸೋತವರಂತೆ ಹೊಸ್ತಿಲಾಚೆ ಕುಳಿತಿದ್ದರು. ಟೊಪ್ಪಿಗೆ ಕೈಯಲ್ಲಿತ್ತು. ಏನಾದರೂ ಮಾತಾಡಬೇಕೆಂದು ನಾನು ಎಷ್ಟೋ ದಿನದಿಂದ ಗಮನಿಸಿದ್ದನ್ನು ಹೇಳಿದೆ. ಮುಂಜಾನೆ ಲೈಟು ಬಂದು ಟಾಕಿ ತುಂಬಿದ ಮೇಲೆ ಗೋಡೆಯಾಚೆ ಡಬ್ಬಿಯಲ್ಲಿ ಒಂದು ತಾಸು ಸುಂಯ್ ಎಂದು ಸದ್ದು ಬರುತ್ತದೆ. ಹನ್ನೊಂದಾಗುವುದರೊಳಗೆ ನಿಲ್ಲುತ್ತದೆ. ದಿನಾ ಹಾಗೇ.

ಕಾಕಾ ತಲೆ ಎತ್ತಿದರು. "ನಿಲ್ತೈತಿ ಅಂದ್ರ? ಸಣ್ಣ ಆಗತೈತೋ, ಪೂರಾ ಬಂದ್ ಆಗತೈತೋ?"

"ಪೂರಾ ಬಂದ್ರಿ."

ಅವರು ಎದ್ದು ನಿಂತು, ಮತ್ತೆ ಕುಳಿತರು. ತೂತು ಸಣ್ಣದಾಗಿದ್ದರೆ ಹನಿ ಹನಿಯಾಗಿಯಾದರೂ ಬರುತ್ತಲೇ ಇರಬೇಕು, ಪೂರಾ ನಿಲ್ಲಬಾರದು. ಟಾಕಿ ತುಂಬಿದ್ದಾಗ ಬಂದು, ಇಳಿದಾಗ ನಿಲ್ಲುತ್ತದೆ ಅಂದರೆ ನಡುವೆ ಯಾರೋ ತಡೆದು ಕುಳಿತಿದ್ದಾರೆ. ಇದನ್ನು ಅವರು ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯದು. ಯಾರು ಕುಳಿತಿದ್ದಾರೆ ಎಂದು ನಾನು ಕೇಳಿದೆ. ಕಾಕಾ ದಡದಡ ಇಳಿದುಹೋಗಿ, ಗೌಂಡಿಯವರು ಬಿಟ್ಟುಹೋಗಿದ್ದ ಲೆವಲ್ ಪೈಪು ತಂದರು. ನೀರು ತುಂಬಿಸಿ ಗೋಡೆಯ ಮಟ್ಟ ನೋಡುವ ಪಾರದರ್ಶಕ ಪೈಪು ಅದು. ಅದರೊಳಗೆ ಗುಳ್ಳೆ ಸಿಕ್ಕರೆ ಮಟ್ಟ ಸುಳ್ಳು ಹೇಳುತ್ತದೆ ಎಂಬುದು ಎಲ್ಲ ಗೌಂಡಿಗಳಿಗೂ ಗೊತ್ತು.

ಅವತ್ತು ಮೊದಲ ಸಲ ಅವರು ಹೊಸ್ತಿಲೊಳಗೆ ಬಂದರು, ಅದೂ ಅತ್ತೆಯನ್ನು ಕರೆದು ಮಂಚದ ಮೇಲೆ ಕೂರಿಸಿದ ಮೇಲೆ. ಪೈಪಿನ ಒಂದು ತುದಿಗೆ ತಳ ಕೊಯ್ದ ಒಂದು ಬಾಟಲಿಯನ್ನು ಬೋರಲಾಗಿ ಸಿಕ್ಕಿಸಿ ಕಿಟಕಿಯ ಸರಳಿಗೆ ಕಟ್ಟಿದರು. ಅದು ದಿನ್ನೆಯ ಟಾಕಿ. ಇನ್ನೊಂದು ತುದಿಯನ್ನು ಅತ್ತೆಯ ಕೈಗೆ ಕೊಟ್ಟರು. ಅದು ನಮ್ಮ ಸಂಡಾಸ. ನಡುವಿನ ಪೈಪನ್ನು ತಮ್ಮ ಮುಂಗೈ ಮೇಲೆ ಎತ್ತಿ ಹಿಡಿದರು, ಅದು ಕುಂಬಿ. ಬಾಟಲಿಗೆ ನೀರು ಹೊಯ್ದರು. ನೀರು ಇಳಿಯಿತು, ಅವರ ಮುಂಗೈ ತನಕ ಏರಿತು, ಆಚೆ ಕಡೆ ಇಷ್ಟು ಜಾರಿ ಕೆಳಗಿನ ಬಾಗಿನಲ್ಲಿ ಕೂತಿತು. ಅಲ್ಲಿಗೆ ನಿಂತೇಬಿಟ್ಟಿತು. ಮುಂಗೈಯಿಂದ ಕೆಳಗಿನ ಬಾಗಿನವರೆಗೆ ಒಂದು ಗೇಣು ಬರೀ ಖಾಲಿ. ಖಾಲಿಯಲ್ಲ… ಗಾಳಿ. ಮೇಲೆ ನೀರು ತುಂಬಿದ ಬಾಟಲಿ, ಕೆಳಗೆ ಅತ್ತೆಯ ಕೈ, ನಡುವೆ ಗಾಳಿ ಕೂತು ಎರಡಕ್ಕೂ ಬೇಡ ಅನ್ನುತ್ತಿತ್ತು. ನಾನು ಎದ್ದು ಕೂತೆ. ಏಳು ವರ್ಷ ಪಾಠ ಹೇಳಿದವಳಿಗೆ ಅವತ್ತು ಪಾಠ ಆಯಿತು.

"ಕುರಿ ಹಿಂಡ ಸಣ್ಣ ಸಂದ್ಯಾಗ ಹೊಂಟಾಗ ಎದರಿಗೆ ಒಂದ ನಾಯಿ ಕುಂತ್ರ ನಿಂದರತಾವ ನೋಡ್ರಿ, ಹಂಗ," ಅಂದರು ಕಾಕಾ. "ಹಿಂದಿನ ಕುರಿ ಭಾಳ ಇದ್ದು ದೂಕಿದ್ರ ದಾಟತಾವ. ಕಡಿಮಿ ಆದ್ರ ನಿಂತಬಿಡತಾವ."

ಆಮೇಲೆ ಅವರು ಒಂದು ಮೊಳೆ ತೆಗೆದುಕೊಂಡು ಮುಂಗೈ ಮೇಲಿದ್ದ ಪೈಪಿನ ನೆತ್ತಿಗೆ ಚುಚ್ಚಿದರು. ಪುಸ್ಸೆಂದು ಗಾಳಿ ಹೋಯಿತು. ನೀರು ಕುಂಬಿ ದಾಟಿ ಓಡಿಬಂದು ನೇರ ಅತ್ತೆಯ ಮಡಿಲಿಗೆ ಬಿತ್ತು. "ಏ ಹುಚ್ಚಪ್ಪಾ!" ಎಂದು ಅತ್ತೆ ಹೌಹಾರಿ ಎದ್ದರು. ಒದ್ದೆ ಸೀರೆ ಹಿಂಡುತ್ತ ನಿಂತಿದ್ದವರು ಒಮ್ಮೆಲೇ ಕಿಟಕಿಯಿಂದ ಕುಂಬಿಯ ಕಡೆ ನೋಡಿದರು. ಅವರೇನು ದಡ್ಡರಲ್ಲ.

"ಹಂಗಾರ, ನಾ ಕುಂಬಿ ಮ್ಯಾಲ ಒಯ್ಯಿ ಅಂದದ್ದಕ್ಕ ಆತೇನ ಇದು?"

"ಅಲ್ರಿ ಅವ್ವಾರ. ನೀವ ದಾರಿ ಹೇಳಿದ್ರಿ. ಗಾಳಿ ನೋಡೂದ ನನ್ನ ಕೆಲಸ ಇತ್ತು, ನಾ ನೋಡಲಿಲ್ಲ. ತಪ್ಪ ನಂದು."

ಆ ಮಾತನ್ನು ಅವರು ಅತ್ತೆಯ ಮರ್ಯಾದೆಗೆ ಹೇಳಿದರೆಂದು ನಾನು ತಿಳಿದುಕೊಂಡೆ. ಪೈಪನ್ನು ಈಗಲಾದರೂ ಸೀದಾ ಹಾಸಿಬಿಡಿ ಎಂದು ಅತ್ತೆಯೇ ಹೇಳಲು ಬಾಯಿ ತೆರೆದಿದ್ದರು, ಕಾಕಾ ಬೇಡವೆಂದರು. "ದೇವರನ್ನ ಸರಸಾಕ ಬರಂಗಿಲ್ರಿ. ಗಾಳೀನ್ನ ಸರಸಬೌದು."

ಮರುದಿನ ಕುಂಬಿಯ ಮೇಲೆ, ಪೈಪು ಎಲ್ಲಕ್ಕಿಂತ ಎತ್ತರವಿದ್ದ ಕಡೆ ಕೊಯ್ದು, ಮೂರು ಬಾಯಿಯ ಒಂದು ಟೀ ಕೂಡಿಸಿ, ಅದರಿಂದ ಇನ್ನೊಂದು ಪೈಪನ್ನು ಆಕಾಶದ ಕಡೆ ನಿಲ್ಲಿಸಿದರು. ಬಿದಿರಿನ ಗಳಕ್ಕೆ ಕಟ್ಟಿದರು. ಅದರ ಬಾಯಿ ತೆರೆದೇ ಇರಬೇಕು, ದಿನ್ನೆಯ ಟಾಕಿ ತುಂಬಿದಾಗ ನೀರು ಎಷ್ಟು ಎತ್ತರವೋ ಅದಕ್ಕಿಂತ ಮೇಲಿರಬೇಕು, ಇಲ್ಲದಿದ್ದರೆ ಅಲ್ಲಿಂದಲೇ ನೀರು ಕಾರಂಜಿಯಾಗುತ್ತದೆ. ಇದನ್ನೆಲ್ಲ ಅವರು ಕಿಟಕಿಯಾಚೆಯಿಂದ ಕೂಗಿ ನನಗೆ ಹೇಳಿದರು. ನಾನು ಕೇಳದೆ ಬಿಡುವುದಿಲ್ಲವೆಂದು ಅವರಿಗೆ ಅಷ್ಟರಲ್ಲಿ ತಿಳಿದಿತ್ತು. ಬಾಲಗಾಂವದಿಂದ ಬಂದಿದ್ದ ನಮ್ಮ ಬೀಗರೊಬ್ಬರು ಆ ಪೈಪು ನೋಡಿ, ಮನೆಗೆ ಟಿವಿ ತಂದಿರೇನು ಎಂದು ಕೇಳಿದ್ದು ಬೇರೆ ಮಾತು.

ಗೋಡೆಯಾಚೆ ಮೊದಲು ಗುಡುಗುಡು ಅಂದಿತು, ಆಮೇಲೆ ಕೆಮ್ಮಿದಂತಾಯಿತು, ಆಮೇಲೆ ಡಬ್ಬಿಗೆ ನೀರು ಬೀಳುವ ಸದ್ದು ಒಂದೇ ಸಮನೆ ಬಂತು. ಬಹಳ ನಿಧಾನ. ಒಂದು ಡಬ್ಬಿ ತುಂಬಲು ನಾನು ಸಣ್ಣದೊಂದು ನಿದ್ದೆ ಮಾಡಬಹುದಿತ್ತು. ಆದರೆ ಹನ್ನೊಂದು ಹೊಡೆದರೂ ಬಂತು, ಎರಡಾದರೂ ಬಂತು, ಟಾಕಿ ತಳ ಕಾಣುವ ತನಕ ಬಂತು. ನಾನು ಅತ್ತುಬಿಟ್ಟೆ. ಒಂದು ಸಂಡಾಸಕ್ಕಾಗಿ ಯಾರಾದರೂ ಅಳುತ್ತಾರೆಯೇ? ಅತ್ತೆಯೂ ಸೆರಗಿನಿಂದ ಮೂಗು ಒರೆಸಿಕೊಂಡರು. ಕಾಕಾ ಮೆಟ್ಟಿಲ ಮೇಲೆ ಕುಳಿತು, ಮೂರು ಸಲ ಡಬ್ಬಿ ಖಾಲಿ ಮಾಡಿಸಿ ಮೂರು ಸಲ ತುಂಬುವುದನ್ನು ಕೇಳಿ, ಚೀಲ ಕಟ್ಟಿದರು. ಹೋಗುವಾಗ ಹೊಸ್ತಿಲಾಚೆಯಿಂದ ದನಿ ತಗ್ಗಿಸಿ ಹೇಳಿದರು: "ಬಾಯಾರ, ಇನ್ನ ಮೆಟ್ಟಲಾ ಮರತಬಿಡ್ರಿ."

ಮರೆತೆ. ಎರಡೂವರೆ ತಿಂಗಳು ಆ ಕೋಣೆ ಬಿಟ್ಟು ಇಳಿಯಲಿಲ್ಲ.

ಏಳು ತಿಂಗಳು ತುಂಬಿದ ವಾರ ಒಂದು ಮಧ್ಯಾಹ್ನ ನೋವು ಶುರುವಾಯಿತು. ಜೀಪಿನ ಹಿಂದೆ ಗಾದಿ ಹಾಸಿ, ನನ್ನನ್ನು ಮಲಗಿಸಿ ಮಿರಜಕ್ಕೆ ಒಯ್ದರು. ಶೇಗಾಂವದ ಸ್ಟ್ಯಾಂಡಿನಲ್ಲಿ ಜೀಪು ನಿಂತಾಗ ಜನ ಬಗ್ಗಿ ಬಗ್ಗಿ ನೋಡಿ ಚ್ಚ ಚ್ಚ ಅಂದದ್ದು ನೆನಪಿದೆ. ಅವತ್ತೇ ರಾತ್ರಿಯಾಗುವುದರೊಳಗೆ ಮಗಳು ಹುಟ್ಟಿದಳು. ಅಂಗೈಯಗಲದ ಕೂಸು. ಒಂದೂವರೆ ತಿಂಗಳು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಇನ್ನೂ ಇಪ್ಪತ್ತು ದಿನ ಮೊದಲೇ ಬಂದಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರಮ್ಮ ನನ್ನ ಎದುರಿಗೇ ಹೇಳಿದರು. ಆ ಇಪ್ಪತ್ತು ದಿನ ನನಗೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು.

ಆಮೇಲೆ ತವರಿಗೆ ಹೋದೆ. ಹೆಸರಿಡುವ ತೊಟ್ಟಿಲಿಗೆ ಯಾರ್ಯಾರನ್ನು ಕರೆಯಬೇಕೆಂದು ಲೆಕ್ಕ ಹಾಕುವಾಗ ಕಾಕಾನ ಹೆಸರು ಮೊದಲು ಬಂದಿತ್ತು. ಕೂಸಿಗೆ ಮತ್ತೆ ಜ್ವರ ಬಂದು ತೊಟ್ಟಿಲೇ ಮುಂದೆ ಹೋಯಿತು. ಕೊನೆಗೆ ಮನೆಮಂದಿಯಷ್ಟೇ ಮಾಡಿದೆವು. ನನಗೆ ಮಿರಜದ ಹತ್ತಿರ ಬದಲಿಯಾಯಿತು. ಒಂದು ವರ್ಷದಲ್ಲಿ ಹೊಲ ಪಾಲಿಗೆ ಕೊಟ್ಟು ಅತ್ತೆಯೂ ನಮ್ಮ ಜೊತೆ ಬಂದರು. ವಸ್ತಿಗೆ ಬೀಗ ಬಿತ್ತು. ಕಾಕಾನ ನಂಬರು ನನ್ನ ಫೋನಿನಲ್ಲೇ ಇತ್ತು. ನಾಳೆ ಮಾಡೋಣ ಎಂದು ಎಷ್ಟು ಸಲ ಅಂದುಕೊಂಡೆನೋ… ಆಮೇಲೆ ಅಂದುಕೊಳ್ಳುವುದೂ ನಿಂತಿತು. ಇದಕ್ಕೆ ಬೇರೆ ಕಾರಣ ಕೊಡಲಾರೆ. ಮರೆತೆ, ಅಷ್ಟೇ.

ಹೋದ ತಿಂಗಳು ಆ ವಾಸನೆ ಬಂದ ದಿನವೇ ನಂಬರಿಗೆ ಫೋನು ಮಾಡಿದೆ. ಬಂದ್ ಆಗಿತ್ತು. ಆ ಭಾನುವಾರ ಮಗಳನ್ನು ಕರೆದುಕೊಂಡು ಬೆಳುಂಕಿಗೆ ಹೋದೆ. ಗುಡಿಯ ಹತ್ತಿರ ಕೇಳಿದರೆ, ಅವರು ತೀರಿಕೊಂಡು ಎರಡು ವರ್ಷವಾಯಿತು ಎಂದರು. ಹಿಂದಿರುಗಬೇಕೆನ್ನಿಸಿತು. ಮಗಳು, ಬಂದಿದ್ದೇವೆ, ಮನೆಗಾದರೂ ಹೋಗೋಣ ಎಂದು ಹಟ ಹಿಡಿದಳು. ಪ್ರಶ್ನೆ ಬಿಡದಿರುವುದರಲ್ಲಿ ಅವಳು ನನ್ನ ಮಗಳೇ.

ಕಾಕಾನ ಹೆಂಡತಿ ಬಾಗಿಲಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದರು. ನಾನು ಶೇಗಾಂವದ ವಸ್ತಿಯವಳು, ಮಹಡಿ ಮೇಲಿನ ಸಂಡಾಸ, ಕುಂಬಿ ಮೇಲಿನ ಪೈಪು ಎಂದು ತಡವರಿಸುತ್ತಿದ್ದಂತೆ ಅವರ ಕೈ ನಿಂತಿತು.

"ಬಾಯಾರು… ನೀವ ಏನ್ರಿ ಅವ್ರು?"

ಒಳಗೆ ಕರೆದು, ಕಂಬಳಿ ಹಾಸಿ, ಕುಂದ್ರಿ ಎಂದರು. ಆಮೇಲೆ ಅವರು ಹೇಳಿದ್ದನ್ನು ನಾನು ಈಗಲೂ ಪೂರಾ ನುಂಗಿಕೊಂಡಿಲ್ಲ. ನನ್ನನ್ನು ಜೀಪಿನಲ್ಲಿ ಒಯ್ದದ್ದನ್ನು ಯಾರೋ ಶೇಗಾಂವದ ಸ್ಟ್ಯಾಂಡಿನಲ್ಲಿ ಕಾಕಾನಿಗೆ ಹೇಳಿದ್ದರು. ಏಳು ತಿಂಗಳಿಗೇ ಒಯ್ದರು, ಉಳಿಯುವುದು ಕಷ್ಟ ಎಂದು. ಅದಾದ ತಿಂಗಳೊಪ್ಪತ್ತಿನಲ್ಲಿ ಅವರು ರತ್ನಾಗಿರಿ ಕಡೆ ಕೆಲಸಕ್ಕೆ ಹೋದರು. ತಿರುಗಿ ಬಂದ ಮೇಲೂ ಶೇಗಾಂವದ ಕಡೆಯ ಕೆಲಸ ಮಾತ್ರ ಹಿಡಿಯಲಿಲ್ಲ.

"ಒಂದ ಫೋನ ಮಾಡಿ ಕೇಳಬೇಕಿಲ್ರಿ?" ಅಂದೆ. ಕೇಳುವ ಹಕ್ಕು ನನಗಿರಲಿಲ್ಲ.

"ಅಂಜಿದ್ರು ಬಾಯಾರ. ಏನಂತ ಕೇಳೂದು? ಇಲ್ಲಂದ್ರ? 'ನಾ ಎಂಟ ದಿನಾ ತಡಾ ಮಾಡಿದ್ನಿ, ಆ ತಾಯಿ ಮೆಟ್ಟಲಾ ಇಳದ್ಳು, ನಾ ಕಣ್ಣಲೆ ನೋಡೇನಿ,' ಅಂತಿದ್ರು. ಸಾಯೂತನಾ ಅಂದ್ರು."

ಆ ಎಂಟು ದಿನ ಅವರದಲ್ಲ, ನಮ್ಮ ಮನೆಯವು, ನಾವು ತೋರಿಸಿದ ದಾರಿಯವು ಎಂದು ಹೇಳಲು ನೋಡಿದೆ. ಅವರು ಮಾತು ಮುಂದುವರಿಸಿದರು. ಆಮೇಲೆ ಎಲ್ಲೇ ಕೆಲಸ ಹಿಡಿಯಲಿ, ಆ ಮನೆಯಲ್ಲಿ ಬಸುರಿ ಹೆಂಗಸಿದ್ದರೆ ಕಾಕಾ ನೀರು ಬರುವ ತನಕ ತಮ್ಮ ಮನೆಗೆ ಬರುತ್ತಿರಲಿಲ್ಲವಂತೆ. ಅಲ್ಲೇ ಪಡಸಾಲೆಯಲ್ಲಿ ಮಲಗುತ್ತಿದ್ದರಂತೆ. ನೀರು ಹೊರುತ್ತಿದ್ದರಂತೆ.

ಅಷ್ಟು ಹೊತ್ತು ಮಗಳು ನನ್ನ ಹಿಂದೆ ಕೂತಿದ್ದಳು. ಅವರು ಈಗ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು.

"ಇಕೀನ ಏನ್ರಿ?"

ನಾನು ತಲೆಯಾಡಿಸಿದೆ. ಎಷ್ಟನೇ ತರಗತಿ ಎಂದು ಕೇಳಿದರು. ಎಂಟನೆಯದು ಎಂದಳು ಮಗಳು. ಅವರು ಎದ್ದು ಬಂದು ಅವಳ ಕೈ ಹಿಡಿದು ಎಬ್ಬಿಸಿ, ಗೋಡೆಯ ಮೇಲಿದ್ದ ಕಾಕಾನ ಫೋಟೊದ ಮುಂದೆ ನಿಲ್ಲಿಸಿದರು. ಸೆರಗು ತಲೆಯ ಮೇಲೆ ಎಳೆದುಕೊಂಡು, ಮನೆಗೆ ದಣಿದು ಬಂದ ಗಂಡನಿಗೆ ಸುದ್ದಿ ಹೇಳುವ ದನಿಯಲ್ಲಿ ಹೇಳಿದರು:

"ಇಲ್ಲಿ ನೋಡ್ರಿ… ಹೆಣ್ಣಂತ. ಎಂಟನೇತ್ತಾ ಅಂತ."

ಹೇಳಬೇಕಾದವಳು ನಾನು. ಅವರು ಬದುಕಿದ್ದಾಗ ಹೇಳಬೇಕಾಗಿತ್ತು.